ಬಾರ್ ಮತ್ತು ರೆಸ್ಟೋರೆಂಟ್ (ಕರ್ನಾಟಕ)

ಬಾರ್ ಮತ್ತು ರೆಸ್ಟೋರೆಂಟ್ ಎಂಬುದು ಮದ್ಯ ಮತ್ತು ಊಟ ಎರಡನ್ನೂ ಒಂದೇ ಸೂರಿನಡಿ ಒದಗಿಸುವ, ಅಬಕಾರಿ ಸನ್ನದು ಪಡೆದ ಮಾರಾಟ ಸ್ಥಳಕ್ಕೆ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಹೆಸರು. ರಾಜ್ಯದ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಈ ನಾಮಫಲಕವನ್ನು ಕಾಣಬಹುದು. ಆರಂಭದ ದಶಕಗಳಲ್ಲಿ ಇವು ಮುಖ್ಯವಾಗಿ ಗಂಡಸರು ಕುಡಿಯಲು ಕೂರುವ ಸ್ಥಳಗಳಾಗಿದ್ದು, ಅಡುಗೆಮನೆ ಹೆಸರಿಗಷ್ಟೇ ಇರುತ್ತಿತ್ತು. ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಇವುಗಳಲ್ಲಿ ಹಲವು ಊಟವನ್ನೇ ಮುಂದಿಟ್ಟುಕೊಂಡು 'ಫ್ಯಾಮಿಲಿ ರೆಸ್ಟೋರೆಂಟ್', 'ಗಾರ್ಡನ್ ರೆಸ್ಟೋರೆಂಟ್' ಎಂಬ ಹೆಸರುಗಳಿಗೆ ಹೊರಳಿದವು. ಈ ಬದಲಾವಣೆಯಲ್ಲಿ ಗಿರಾಕಿಗಳ ರುಚಿಗಿಂತ ಅಬಕಾರಿ ಕಾನೂನು, ತೆರಿಗೆ ಪದ್ಧತಿ ಮತ್ತು ನ್ಯಾಯಾಲಯದ ಆದೇಶಗಳ ಪಾತ್ರ ದೊಡ್ಡದು. ಬೆಂಗಳೂರಿನ ಉತ್ತರಕ್ಕಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣಗಳಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳು ರಾಜಧಾನಿಯ ಪ್ರಭಾವ, ಹೆದ್ದಾರಿ ಮತ್ತು ಆಂಧ್ರಪ್ರದೇಶದ ಗಡಿ ಈ ಮೂರೂ ಕೂಡುವ ಪ್ರದೇಶದಲ್ಲಿರುವುದರಿಂದ ಈ ಪರಿವರ್ತನೆಯನ್ನು ಅರಿಯಲು ತಕ್ಕ ಉದಾಹರಣೆಗಳಾಗಿವೆ.

ಹೆಸರು ಮತ್ತು ಸನ್ನದು

ಕರ್ನಾಟಕದಲ್ಲಿ ಮದ್ಯದ ತಯಾರಿಕೆ, ಸಾಗಣೆ ಮತ್ತು ಮಾರಾಟವು 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಒಳಪಟ್ಟಿದೆ. ಚಿಲ್ಲರೆ ಮಾರಾಟದ ಸನ್ನದುಗಳನ್ನು 1968ರ ದೇಶೀ ಮತ್ತು ವಿದೇಶೀ ಮದ್ಯಗಳ ಮಾರಾಟ ನಿಯಮಗಳು ವರ್ಗೀಕರಿಸುತ್ತವೆ. ಇವುಗಳಲ್ಲಿ ಸಾಮಾನ್ಯ ಜನರಿಗೆ ಪರಿಚಿತವಾದವು ಮೂರು. ಸಿಎಲ್-2 ಎಂಬುದು ಬಾಟಲಿಯನ್ನು ಕೊಂಡೊಯ್ಯುವ ಚಿಲ್ಲರೆ ಅಂಗಡಿ. ಜನರ ಬಾಯಲ್ಲಿ ಇದು 'ವೈನ್ ಶಾಪ್', ಅಲ್ಲಿ ವೈನ್ ಸಿಗುವುದು ಅಪರೂಪವಾದರೂ. ಸಿಎಲ್-7 ವಸತಿ ಗೃಹಗಳಿಗೆ ಸಂಬಂಧಿಸಿದ್ದು. ಸಿಎಲ್-9 ಎಂಬುದೇ ಬಾರ್ ಮತ್ತು ರೆಸ್ಟೋರೆಂಟಿನ ಮೂಲ ಸನ್ನದು.

ಗಮನಿಸಬೇಕಾದ ಸಂಗತಿಯೆಂದರೆ, ನಿಯಮಗಳ ಭಾಷೆಯಲ್ಲಿ ಸಿಎಲ್-9 ಸನ್ನದನ್ನು ಕೊಡುವುದು ಉಪಾಹಾರ ಗೃಹಕ್ಕೆ. 'ಬಾರ್' ಎಂಬ ಪದ ಅದರ ಜೊತೆಗೆ ಕಂಸದಲ್ಲಿ ಬರುತ್ತದೆ. ಮದ್ಯವು ತಿನಿಸಿನ ಜೊತೆಗೆ, ಸ್ಥಳದಲ್ಲೇ ಕುಳಿತು ಸೇವಿಸುವ ವಸ್ತು ಎಂಬುದು ಈ ವರ್ಗದ ಹಿಂದಿರುವ ಕಲ್ಪನೆ. ಸೀಲು ಒಡೆಯದ ಬಾಟಲಿಯನ್ನು ಮನೆಗೆ ಮಾರುವುದು ಅದರ ಉದ್ದೇಶವಲ್ಲ. ಇದಕ್ಕೆ ವಿರುದ್ಧವಾಗಿ, ಸಿಎಲ್-2 ಅಂಗಡಿಯಲ್ಲಿ ಕುಳಿತಾಗಲಿ ನಿಂತಾಗಲಿ ಕುಡಿಯಲು ಅವಕಾಶವಿಲ್ಲ. ಹೀಗೆ ಕಾಗದದ ಮೇಲೆ ಊಟವೇ ಮೊದಲು, ಮದ್ಯ ಅನಂತರ. ವ್ಯವಹಾರದಲ್ಲಿ ಬಹುಕಾಲ ಇದು ತಲೆಕೆಳಗಾಗಿತ್ತು. ಹುರಿದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಉಪ್ಪಿನಕಾಯಿ ಇಷ್ಟಿದ್ದರೆ 'ರೆಸ್ಟೋರೆಂಟ್' ಎಂಬ ಮಾತಿಗೆ ನ್ಯಾಯ ಸಂದಂತಾಗುತ್ತಿತ್ತು.

ಸಿಎಲ್-2 ಮತ್ತು ಸಿಎಲ್-9 ವರ್ಗಗಳಲ್ಲಿ ಹೊಸ ಸನ್ನದುಗಳನ್ನು ಕೊಡುವುದನ್ನು ರಾಜ್ಯ ಸರ್ಕಾರ 1992ರಿಂದ ನಿಲ್ಲಿಸಿತು. ಇದರ ಪರಿಣಾಮವಾಗಿ, ಇದ್ದ ಸನ್ನದುಗಳಿಗೇ ಬೆಲೆ ಬಂದಿತು. ಊರು ಬೆಳೆದರೂ ಬಾರುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಹೊಸದಾಗಿ ಈ ವ್ಯವಹಾರಕ್ಕೆ ಇಳಿಯಬಯಸುವವರು ನಿಗದಿತ ಸಂಖ್ಯೆಯ ಕೊಠಡಿಗಳಿರುವ ವಸತಿ ಗೃಹವನ್ನು ಕಟ್ಟಿ ಸಿಎಲ್-7 ಸನ್ನದು ಪಡೆಯುವ ದಾರಿ ಹಿಡಿದರು. ಸಣ್ಣ ಪಟ್ಟಣಗಳಲ್ಲಿ ಮೇಲೆ ಲಾಡ್ಜು, ಕೆಳಗೆ ಬಾರು ಎಂಬ ಕಟ್ಟಡಗಳು ಹೆಚ್ಚಲು ಇದೂ ಒಂದು ಕಾರಣ. ಕರ್ನಾಟಕದಲ್ಲಿ ಮದ್ಯ ಮಾರಾಟಕ್ಕೆ ಗಿರಾಕಿಯ ಕನಿಷ್ಠ ವಯಸ್ಸು 21 ವರ್ಷ. ಇದನ್ನು 18ಕ್ಕೆ ಇಳಿಸುವ ಕರಡು ಪ್ರಸ್ತಾವವನ್ನು 2023ರ ಜನವರಿಯಲ್ಲಿ ಸರ್ಕಾರ ಹಿಂತೆಗೆದುಕೊಂಡಿತು.

ಹಿನ್ನೆಲೆ: ಹೆಂಡದಂಗಡಿ ಮತ್ತು ಪಡಖಾನೆ

ಬಾರುಗಳಿಗೆ ಮುಂಚೆ ಬಯಲುಸೀಮೆಯಲ್ಲಿ ಇದ್ದವು ಎರಡು ಬಗೆಯ ಅಂಗಡಿಗಳು: ಹೆಂಡದ್ದು ಮತ್ತು ಸಾರಾಯಿಯದ್ದು. ಹಳೆಯ ಕೋಲಾರ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳಲ್ಲಿ ಹೆಂಡವನ್ನು ಮುಖ್ಯವಾಗಿ ಈಚಲು ಮರದಿಂದ ಇಳಿಸಲಾಗುತ್ತಿತ್ತು. ಅದನ್ನು ಸೇಂದಿ ಎಂದೂ ಕರೆಯುತ್ತಾರೆ. ಕಂದಾಯ ದಾಖಲೆಗಳಲ್ಲಿ 'ಸೇಂದಿ ವನ' ಎಂದು ನಮೂದಾದ ಜಮೀನುಗಳು ಈಗಲೂ ಉಳಿದಿವೆ. ಮರಗಳು ಉಳಿದಿರುವುದು ಕಡಿಮೆ. ಹೆಂಡ ಇಳಿಸುವ ಕಸುಬು ಬಯಲುಸೀಮೆಯಲ್ಲಿ ಈಡಿಗರದು, ಕರಾವಳಿಯಲ್ಲಿ ಬಿಲ್ಲವರದು.

ಮೈಸೂರು ಸಂಸ್ಥಾನದ ಕಾಲದಲ್ಲಿ ಹೆಂಡ ಮತ್ತು ಸಾರಾಯಿ ಮಾರುವ ಹಕ್ಕನ್ನು ಹರಾಜಿನ ಮೂಲಕ ಗುತ್ತಿಗೆಗೆ ಕೊಡಲಾಗುತ್ತಿತ್ತು ಮತ್ತು ಅಬಕಾರಿಯು ಸರ್ಕಾರದ ಪ್ರಮುಖ ವರಮಾನಗಳಲ್ಲಿ ಒಂದಾಗಿತ್ತು. ಸ್ವಾತಂತ್ರ್ಯಾನಂತರ 1948ರ ಮೈಸೂರು ಪಾನನಿರೋಧ ಕಾಯ್ದೆಯ ಮೂಲಕ ನಿಷೇಧದ ಪ್ರಯೋಗ ನಡೆಯಿತು. 1960ರ ದಶಕದಲ್ಲಿ ರಾಜ್ಯ ಅದನ್ನು ಕೈಬಿಟ್ಟು ಮತ್ತೆ ಅಬಕಾರಿ ಪದ್ಧತಿಗೆ ಮರಳಿತು. ಹೆಂಡದಂಗಡಿಯ ಲೋಕ ಕನ್ನಡ ಸಾಹಿತ್ಯದಲ್ಲಿ ಶಾಶ್ವತ ಸ್ಥಾನ ಪಡೆದದ್ದು ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಸಂಕಲನದಿಂದ. ಅದರ ನಾಯಕ ರತ್ನ ಹೆಂಡದಂಗಡಿಯಲ್ಲಿ ಕುಡಿಯುವವನೇ ಹೊರತು ಬಾರಿನಲ್ಲಲ್ಲ ಎಂಬುದು ಆ ಕಾಲದ ಕುಡಿತದ ಸ್ವರೂಪವನ್ನು ಹೇಳುತ್ತದೆ.

ಸಾರಾಯಿ ಅಂಗಡಿ ಅಥವಾ ಪಡಖಾನೆಯಲ್ಲಿ ಕೂರುವ ಏರ್ಪಾಡು ಇರುತ್ತಿದ್ದುದು ವಿರಳ. ಕೂಲಿ ಮುಗಿಸಿ ಬಂದವರು ನಿಂತಲ್ಲೇ ಕುಡಿದು ಹೋಗುತ್ತಿದ್ದರು. ಆದರೆ ಅಂಗಡಿಯ ಹೊರಗೆ ಒಂದು ಸಣ್ಣ ಆಹಾರ ವ್ಯವಸ್ಥೆ ತಾನಾಗಿ ಬೆಳೆದಿತ್ತು. ಬೋಟಿ, ಹುರಿದ ಮೀನು, ಬೇಯಿಸಿದ ಕಡಲೆ, ಮೆಣಸಿನಕಾಯಿ ಬೋಂಡಾ ಮೊದಲಾದವನ್ನು ತಳ್ಳುಗಾಡಿಯಲ್ಲೋ ಬುಟ್ಟಿಯಲ್ಲೋ ಇಟ್ಟುಕೊಂಡು ಮಾರುವವರು, ಅವರಲ್ಲಿ ಹೆಂಗಸರೂ ಇದ್ದರು, ಈ ಅಂಗಡಿಗಳನ್ನು ನೆಚ್ಚಿಕೊಂಡಿದ್ದರು. ಕುಡಿಯುವಾಗ ನೆಂಚಿಕೊಳ್ಳಲು ಬೇಕಾದ ತಿನಿಸಿಗೆ 'ಚಾಕಣ' ಎಂಬ ಹೆಸರಿದೆ. ಮದ್ಯ ಮಾರುವವನು ಒಬ್ಬ, ಚಾಕಣ ಮಾರುವವರು ಬೇರೊಬ್ಬರು ಎಂಬ ಈ ವಿಂಗಡಣೆಯು ಬಾರ್ ಮತ್ತು ರೆಸ್ಟೋರೆಂಟ್ ಬಂದ ಮೇಲೆ ಕ್ರಮೇಣ ಅಳಿಸಿಹೋಯಿತು.

ಮಾಂಸದೂಟಕ್ಕೆ ಇದ್ದ ಪ್ರತ್ಯೇಕ ಸ್ಥಳ ಮಿಲಿಟರಿ ಹೋಟೆಲು. ರಾಗಿ ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು ಇಂಥ ಹೋಟೆಲುಗಳ ಗುರುತು. ಇಲ್ಲಿ ಮದ್ಯ ಮಾರುವಂತಿರಲಿಲ್ಲ. ಹೀಗಾಗಿ ಕುಡಿಯುವ ಜಾಗ ಮತ್ತು ಉಣ್ಣುವ ಜಾಗ ಅಕ್ಕಪಕ್ಕದಲ್ಲಿದ್ದರೂ ಬೇರೆಬೇರೆಯಾಗಿದ್ದವು.

ಹೆಂಡ ಮತ್ತು ಸಾರಾಯಿಯ ನಿಷೇಧ

ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್‌ನಂತಹ ಮತ್ತು ಬರಿಸುವ ರಾಸಾಯನಿಕಗಳನ್ನು ಬೆರೆಸುವುದು ದೊಡ್ಡ ಸಮಸ್ಯೆಯಾಗಿತ್ತು. 2004ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಉಳಿದೆಡೆ ಹೆಂಡ ಇಳಿಸುವುದು ಮತ್ತು ಮಾರುವುದು ನಿಂತಿತು. ಮೂರು ವರ್ಷಗಳ ಬಳಿಕ, 2007ರ ಜುಲೈ 1ರಿಂದ, ಎಚ್. ಡಿ. ಕುಮಾರಸ್ವಾಮಿ ನೇತೃತ್ವದ ಸರ್ಕಾರ ಸಾರಾಯಿ ಮಾರಾಟವನ್ನು ರಾಜ್ಯಾದ್ಯಂತ ನಿಷೇಧಿಸಿತು. ಅಷ್ಟು ಹೊತ್ತಿಗೆ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟುಗಳಲ್ಲಿ ಹಳ್ಳಿಹಳ್ಳಿಗೆ ತಲುಪುತ್ತಿತ್ತು. ನಿಷೇಧದ ಹಿಂದೆ ಹಲವು ವರ್ಷಗಳ ಚಳವಳಿಯ ಒತ್ತಡವಿತ್ತು. ದಲಿತ ಸಂಘರ್ಷ ಸಮಿತಿ ಮತ್ತು ಮಹಿಳಾ ಸಂಘಟನೆಗಳು ಸಾರಾಯಿಯ ವಿರುದ್ಧ ಹೋರಾಡಿದ್ದವು. ನೆರೆಯ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಮಹಿಳೆಯರು ಆರಂಭಿಸಿದ ಸಾರಾಯಿ ವಿರೋಧಿ ಚಳವಳಿಯು ತೆಲುಗು ಮಾತು ದಿನಬಳಕೆಯಲ್ಲಿರುವ ಗಡಿ ತಾಲ್ಲೂಕುಗಳಿಗೆ ದೂರದ ಸುದ್ದಿಯಾಗಿರಲಿಲ್ಲ.

ಇದೇ 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಯಿತು. ಹೊಸ ಜಿಲ್ಲೆಯ ಆಡಳಿತ ಆರಂಭವಾದದ್ದೇ ಸಾರಾಯಿ ಅಂಗಡಿಗಳು ಇಲ್ಲದ ಕಾಲದಲ್ಲಿ.

ನಿಷೇಧದಿಂದ ಕುಡಿತ ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ, ಕೋಲಾರ ಜಿಲ್ಲೆ ಹಾಗೂ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕಾನೂನಿನ ಒಳಗೆ ಕುಡಿಯಬಯಸಿದ ಬಡವರಿಗೆ ಉಳಿದದ್ದು ಸಿಎಲ್-2 ಅಂಗಡಿ ಮತ್ತು ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳಲ್ಲಿ ದೊರೆಯುವ ಅಗ್ಗದ ವಿಸ್ಕಿ, ರಮ್ಮು ಮತ್ತು ಬ್ರಾಂದಿ. ಬಾರಿನ ಬಾಗಿಲಿಗೂ ಹೊಸ ಗಿರಾಕಿಗಳು ಬಂದರು. ಆದರೆ ಅವರನ್ನು ಉಳಿಸಿಕೊಳ್ಳುವುದು ಲಾಭದಾಯಕವೇ ಎಂಬ ಪ್ರಶ್ನೆ ಬಾರ್ ಮಾಲೀಕರ ಮುಂದೆ ಎದ್ದಿತು.

ಊಟದ ಕಡೆಗೆ ಹೊರಳಿದ ಕಾರಣಗಳು

2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಸ್ಥಾಪನೆಯಾಗಿ, ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ ಅದರ ಏಕಸ್ವಾಮ್ಯಕ್ಕೆ ಬಂದಿತು. ಅಂದಿನಿಂದ ಎಲ್ಲ ಸನ್ನದುದಾರರೂ ಒಂದೇ ಡಿಪೋ ಪದ್ಧತಿಯಿಂದ, ಒಂದೇ ದರಕ್ಕೆ, ಒಂದೇ ಬ್ರಾಂಡುಗಳನ್ನು ಕೊಳ್ಳಬೇಕು. ಒಂದು ಬಾರಿನ ಮದ್ಯಕ್ಕೂ ಎದುರಿನ ಬಾರಿನ ಮದ್ಯಕ್ಕೂ ವ್ಯತ್ಯಾಸವಿಲ್ಲ. ಚಿಲ್ಲರೆ ಅಂಗಡಿಯಲ್ಲಿ ಗರಿಷ್ಠ ಮಾರಾಟ ದರ ಬಾಟಲಿಯ ಮೇಲೇ ಮುದ್ರಿತವಾಗಿರುತ್ತದೆ. ಬಾರಿನಲ್ಲಿ ಅದೇ ಮದ್ಯಕ್ಕೆ ಹೆಚ್ಚು ಕೊಡಬೇಕು. ಬರೀ ಮದ್ಯ ಬೇಕಾದವನು ಹೆಚ್ಚು ಹಣ ಕೊಟ್ಟು ಬಾರಿಗೆ ಏಕೆ ಬರಬೇಕು? ಕುರ್ಚಿ, ಫ್ಯಾನು, ಮಾತಿಗೆ ಜೊತೆ ಇವೆಲ್ಲ ಒಂದು ಮಟ್ಟದವರೆಗೆ ಉತ್ತರವಾಗಬಹುದು. ಒಬ್ಬ ಮಾಲೀಕ ಇನ್ನೊಬ್ಬನಿಗಿಂತ ಬೇರೆಯಾಗಿ ಕಾಣಿಸಿಕೊಳ್ಳಲು ಉಳಿದ ಏಕೈಕ ಜಾಗ ಅಡುಗೆಮನೆ. ಕಾನೂನು ಷರತ್ತಾಗಿ ಇಟ್ಟಿದ್ದ ಊಟವನ್ನು ವ್ಯಾಪಾರದ ತಿರುಳಾಗಿಸಿದ್ದು ಮುಖ್ಯವಾಗಿ ಈ ಲೆಕ್ಕಾಚಾರ.

ಎರಡನೆಯ ಕಾರಣ ಗಿರಾಕಿಗಳ ಬಳಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಮದ್ಯ ಸೇವಿಸುವವರು ಸುಮಾರು ಶೇ. 19, ಮಹಿಳೆಯರಲ್ಲಿ ಸುಮಾರು ಶೇ. 1. ಕುಡಿಯುವವರನ್ನಷ್ಟೇ ನಂಬಿದ ಅಂಗಡಿಯು ಜನಸಂಖ್ಯೆಯ ಬಹುಭಾಗವನ್ನು ಹೊರಗಿಟ್ಟಂತೆ. ಒಬ್ಬನೇ ಬಂದು ಒಂದು ಕ್ವಾರ್ಟರ್ ಕುಡಿದು ಹೋಗುವವನಿಗಿಂತ, ಹೆಂಡತಿ ಮಕ್ಕಳೊಂದಿಗೆ ಬಂದು ಬಿರಿಯಾನಿ, ಕಬಾಬು ತರಿಸಿಕೊಳ್ಳುವವನು ಅಡುಗೆಮನೆಗೆ ಹೆಚ್ಚು ವ್ಯಾಪಾರ ಕೊಡುತ್ತಾನೆ. ಆದರೆ ಹಳೆಯ ಬಾರಿನ ಮಂದ ಬೆಳಕು, ಪ್ಲೈವುಡ್ ಕ್ಯಾಬಿನ್ನುಗಳು, ಪರದೆ, ಹೊಗೆ ಇವುಗಳ ನಡುವೆ ಕುಟುಂಬ ಕೂರುವಂತಿರಲಿಲ್ಲ. ಆದ್ದರಿಂದ ಒಳಾಂಗಣವೇ ಬದಲಾಗಬೇಕಾಯಿತು. ಪ್ರತ್ಯೇಕ ಬಾಗಿಲು, ಪ್ರತ್ಯೇಕ ಮೆಟ್ಟಿಲು, ಮೇಲಂತಸ್ತಿನಲ್ಲಿ 'ಎ.ಸಿ. ಫ್ಯಾಮಿಲಿ ಹಾಲ್' ಇವು ಸಾಮಾನ್ಯ ಏರ್ಪಾಡುಗಳು. ಕೆಲವೆಡೆ ಬಾರು ರಸ್ತೆಯಿಂದ ಕಾಣದಂತೆ ಹಿಂದಕ್ಕೆ ಸರಿದು, ಊಟದ ಸಭಾಂಗಣ ಮುಂದಕ್ಕೆ ಬಂದಿತು. ಮೊದಲು ಇದ್ದದ್ದು ಇದರ ತದ್ವಿರುದ್ಧ ಕ್ರಮ.

2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ ನಿಯಮಗಳು ಈ ಬದಲಾವಣೆಗೆ ನೆರವಾದವು. 30 ಅಥವಾ ಹೆಚ್ಚು ಆಸನಗಳುಳ್ಳ ಉಪಾಹಾರ ಗೃಹಗಳು ಪ್ರತ್ಯೇಕ ಧೂಮಪಾನ ಪ್ರದೇಶವನ್ನು ಹೊಂದಬಹುದು, ಆದರೆ ಅಲ್ಲಿ ತಿಂಡಿ, ಪಾನೀಯ ಒದಗಿಸುವಂತಿಲ್ಲ. ತಾಲ್ಲೂಕು ಮಟ್ಟದ ಬಾರುಗಳಲ್ಲಿ ನಿಯಮದ ಪಾಲನೆ ಏಕರೂಪವಾಗಿಲ್ಲ. ಆದರೂ ಕನಿಷ್ಠ ಕುಟುಂಬ ವಿಭಾಗವನ್ನು ಹೊಗೆಯಿಂದ ಬೇರ್ಪಡಿಸಲು ಅದು ಕಾನೂನಿನ ಆಧಾರ ಒದಗಿಸಿತು.

ತೆರಿಗೆಯ ವಿಷಯ ಸ್ವಲ್ಪ ವಿಚಿತ್ರ. ಮಾನವ ಸೇವನೆಯ ಮದ್ಯವು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಹೊರಗಿದೆ. ಊಟ ಅದರ ಒಳಗಿದೆ. ಹೀಗಾಗಿ ಒಂದೇ ಮೇಜಿನ ಮೇಲಿನ ಲೋಟ ಮತ್ತು ತಟ್ಟೆ ಎರಡು ಬೇರೆ ತೆರಿಗೆ ವ್ಯವಸ್ಥೆಗಳಿಗೆ ಸೇರುತ್ತವೆ. 2017ರ ಜುಲೈ 1ರಂದು ಈ ತೆರಿಗೆ ಜಾರಿಯಾದಾಗ ಹವಾನಿಯಂತ್ರಣವಿಲ್ಲದ ಸಾಧಾರಣ ಹೋಟೆಲಿನ ಊಟಕ್ಕೆ ಶೇ. 12 ಇದ್ದರೆ, ಮದ್ಯದ ಸನ್ನದು ಇರುವ ಹೋಟೆಲಿನ ಊಟಕ್ಕೆ ಶೇ. 18 ವಿಧಿಸಲಾಯಿತು. ಅಂದರೆ ಕುಡಿಯದೆ ಬರೀ ಮುದ್ದೆ ಉಂಡು ಹೋದವನೂ, ಬಾರಿನ ಸೂರಿನಡಿ ಕುಳಿತ ಕಾರಣಕ್ಕೆ, ಹೆಚ್ಚು ತೆರಿಗೆ ಕೊಡಬೇಕಿತ್ತು. ಅದೇ ವರ್ಷದ ನವೆಂಬರ್ 15ರಿಂದ ಈ ಭೇದ ಹೋಗಿ ಎರಡಕ್ಕೂ ಶೇ. 5 ಆಯಿತು. ಬಾರಿನ ಊಟವು ಬೆಲೆಯಲ್ಲಿ ಮಿಲಿಟರಿ ಹೋಟೆಲಿನೊಂದಿಗೆ ಪೈಪೋಟಿ ನಡೆಸಲು ಇದರಿಂದ ಸಾಧ್ಯವಾಯಿತು. ಇನ್ನೊಂದೆಡೆ ಮದ್ಯದ ಮೇಲಿನ ತೆರಿಗೆ ಏರುತ್ತಲೇ ಹೋಯಿತು. 2023ರ ಜುಲೈನಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ ದೇಶೀಯವಾಗಿ ತಯಾರಾದ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಹೆಚ್ಚಿಸಿ, ವರ್ಷದ ಅಬಕಾರಿ ವರಮಾನದ ಗುರಿಯನ್ನು 36,000 ಕೋಟಿ ರೂಪಾಯಿಗಳಿಗೆ ನಿಗದಿಪಡಿಸಲಾಯಿತು.

ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣಗಳು

ನಾಲ್ಕೂ ಪಟ್ಟಣಗಳು ಒಂದೇ ಜಿಲ್ಲೆಯಲ್ಲಿದ್ದರೂ ಅವುಗಳ ಗಿರಾಕಿಗಳು ಬೇರೆಬೇರೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚಿಕ್ಕಬಳ್ಳಾಪುರವು ಹಿಂದೆ ರಾಷ್ಟ್ರೀಯ ಹೆದ್ದಾರಿ 7 ಎನಿಸಿದ್ದ, ಈಗ 44 ಎಂಬ ಸಂಖ್ಯೆಯ ಹೆದ್ದಾರಿಯಲ್ಲಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ರಾಜಧಾನಿಯ ಹೊರವಲಯ ಉತ್ತರಕ್ಕೆ ಹಬ್ಬಿ, ಪಟ್ಟಣವು ಬೆಂಗಳೂರಿನ ಉಪನಗರದಂತೆ ವರ್ತಿಸತೊಡಗಿತು. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಬರುವ ಪ್ರವಾಸಿಗರು ಹಿಂದಿನಿಂದಲೂ ಇದ್ದರು. 2023ರ ಜನವರಿ 15ರಂದು ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ನಂತರ ವಾರಾಂತ್ಯಗಳಲ್ಲಿ ಸಂಜೆ ಮರಳುವ ಕುಟುಂಬಗಳ ದಟ್ಟಣೆಯೂ ಸೇರಿಕೊಂಡಿತು. ದೇವರ ದರ್ಶನ ಮುಗಿಸಿದವರು ಬಾರ್ ಎಂದು ಬರೆದ ಫಲಕದ ಕೆಳಗೆ ಊಟಕ್ಕೆ ಇಳಿಯಲು ಹಿಂಜರಿಯುವುದು ಸಹಜ. 'ಫ್ಯಾಮಿಲಿ' ಎಂಬ ಪದ ಫಲಕದ ಮೇಲೆ ದೊಡ್ಡದಾಗಲು ಇಂಥ ಗಿರಾಕಿಯೂ ಕಾರಣ.

ಶಿಡ್ಲಘಟ್ಟದ ಬದುಕು ರೇಷ್ಮೆಯದ್ದು. ಇಲ್ಲಿನ ರೇಷ್ಮೆಗೂಡು ಮಾರುಕಟ್ಟೆ ರಾಜ್ಯದ ಪ್ರಮುಖ ಮಾರುಕಟ್ಟೆಗಳಲ್ಲೊಂದು. ಬೆಳಗಿನ ಹರಾಜಿಗೆ ದೂರದ ತಾಲ್ಲೂಕುಗಳಿಂದ ಬರುವ ಬೆಳೆಗಾರರು, ನೂಲು ಬಿಚ್ಚುವ ರೀಲರುಗಳು ಮತ್ತು ಅವರ ಕಾರ್ಮಿಕರು ಪಟ್ಟಣದ ಹೋಟೆಲುಗಳಿಗೆ ಹಗಲಿನ ವ್ಯಾಪಾರ ಕೊಡುತ್ತಾರೆ. ಚಿಂತಾಮಣಿ ಹಳೆಯ ವ್ಯಾಪಾರದ ಊರು. ಟೊಮೆಟೊ, ಕಡಲೆಕಾಯಿ, ಮಾವಿನ ವಹಿವಾಟು, ಲಾರಿ ಚಾಲಕರು, ದಲ್ಲಾಳಿಗಳು ಇಲ್ಲಿ ಹೆಚ್ಚು. 2011ರ ಜನಗಣತಿಯಂತೆ ಸುಮಾರು 76 ಸಾವಿರ ಜನರಿದ್ದ ಚಿಂತಾಮಣಿಯೇ ಜಿಲ್ಲೆಯ ಅತಿ ದೊಡ್ಡ ಪಟ್ಟಣ, ಜಿಲ್ಲಾ ಕೇಂದ್ರವಲ್ಲ. ಮಂಡಿಗೆ ಬಂದವನಿಗೆ ಮಧ್ಯಾಹ್ನ ಬೇಕಾದದ್ದು ಮೊದಲು ಮುದ್ದೆ. ಲೆಕ್ಕ ಚುಕ್ತಾ ಆದ ಮೇಲೆ ಉಳಿದದ್ದು. ಈ ಎರಡು ಊರುಗಳಲ್ಲಿ ಊಟದ ಕಡೆಗಿನ ಹೊರಳುವಿಕೆ ಪ್ರವಾಸಿಗರಿಗಾಗಿ ಆದದ್ದಲ್ಲ, ಮಾರುಕಟ್ಟೆಗೆ ಬರುವವರಿಗಾಗಿ.

ಗೌರಿಬಿದನೂರು ಬೆಂಗಳೂರು–ಗುಂತಕಲ್ ರೈಲು ಮಾರ್ಗದಲ್ಲಿದ್ದು, ಆಂಧ್ರದ ಹಿಂದೂಪುರಕ್ಕೆ ಹತ್ತಿರವಿದೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದ ಕಾರ್ಮಿಕರು ಇಲ್ಲಿನ ಗಿರಾಕಿಗಳಲ್ಲಿ ಸೇರುತ್ತಾರೆ. ಗಡಿಯ ಪರಿಣಾಮ ಈ ತಾಲ್ಲೂಕಿನಲ್ಲಿ ಮತ್ತು ಬಾಗೇಪಲ್ಲಿ, ಚಿಂತಾಮಣಿ ತಾಲ್ಲೂಕುಗಳಲ್ಲಿ ಸ್ಪಷ್ಟ. ಆಂಧ್ರಪ್ರದೇಶವು 1995ರ ಜನವರಿಯಿಂದ 1997ರವರೆಗೆ ಸಂಪೂರ್ಣ ಪಾನನಿರೋಧ ಜಾರಿಗೊಳಿಸಿತ್ತು. 2019ರ ಅಕ್ಟೋಬರ್‌ನಲ್ಲಿ ಆ ರಾಜ್ಯ ಚಿಲ್ಲರೆ ಮಾರಾಟವನ್ನು ತನ್ನ ಕೈಗೆ ತೆಗೆದುಕೊಂಡು ಅಂಗಡಿಗಳನ್ನು ಕಡಿಮೆ ಮಾಡಿ ದರ ಏರಿಸಿತು. 2024ರಲ್ಲಿ ಮತ್ತೆ ಖಾಸಗಿ ಅಂಗಡಿಗಳಿಗೆ ಅವಕಾಶ ನೀಡಿತು. ಆಂಧ್ರದ ನೀತಿ ಬಿಗಿಯಾದಾಗಲೆಲ್ಲ ಕರ್ನಾಟಕದ ಗಡಿ ಅಂಗಡಿಗಳಲ್ಲಿ ಮದ್ಯದ ವ್ಯಾಪಾರ ಹಿಗ್ಗುತ್ತದೆ, ಸಡಿಲವಾದಾಗ ಕುಗ್ಗುತ್ತದೆ. ಇನ್ನೊಂದು ರಾಜ್ಯದ ಸಂಪುಟ ಸಭೆಯನ್ನು ನೆಚ್ಚಿ ನಡೆಯುವ ಮದ್ಯದ ವ್ಯಾಪಾರಕ್ಕಿಂತ ಊಟದ ವ್ಯಾಪಾರ ಸ್ಥಿರವಾದದ್ದು.

ಹೆದ್ದಾರಿ ತೀರ್ಪು

2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ನಡುವಣ ಪ್ರಕರಣದಲ್ಲಿ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಮಾಡುವಂತಿಲ್ಲ ಎಂದು ಆದೇಶಿಸಿತು. ಕುಡಿದು ವಾಹನ ಓಡಿಸುವುದರಿಂದ ಆಗುವ ಅಪಘಾತಗಳನ್ನು ತಡೆಯುವುದು ಇದರ ಉದ್ದೇಶ. 2017ರ ಮಾರ್ಚ್ 31ರ ಆದೇಶವು ಈ ನಿರ್ಬಂಧ ಬಾಟಲಿ ಅಂಗಡಿಗಳಿಗಷ್ಟೇ ಅಲ್ಲ, ಬಾರ್ ಮತ್ತು ರೆಸ್ಟೋರೆಂಟುಗಳಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅಂತರವನ್ನು 220 ಮೀಟರಿಗೆ ಇಳಿಸಿತು.

ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣಗಳಿಗೆ ಇದು ಕಠಿಣವಾಗಿತ್ತು. ಹೆದ್ದಾರಿ 44 ಒಂದೆಡೆಯಾದರೆ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ಪೋಣಿಸುವಂತೆ ಹಿಂದಿನ ಹೆದ್ದಾರಿ 234, ಅಂದರೆ ಇಂದಿನ 69, ಹಾದುಹೋಗುತ್ತದೆ. ಇಂಥ ಊರುಗಳಲ್ಲಿ ಹೆದ್ದಾರಿಯೇ ಪೇಟೆಯ ಮುಖ್ಯರಸ್ತೆ. ನಾಲ್ಕರಲ್ಲಿ ಚಿಕ್ಕದಾದ ಗೌರಿಬಿದನೂರಿನ ಜನಸಂಖ್ಯೆಯೂ 2011ರಲ್ಲಿ ಸುಮಾರು 38 ಸಾವಿರ ಇದ್ದುದರಿಂದ 220 ಮೀಟರಿನ ರಿಯಾಯಿತಿ ಯಾವುದಕ್ಕೂ ದೊರೆಯುವಂತಿರಲಿಲ್ಲ. ಕರ್ನಾಟಕದಲ್ಲಿ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಆದೇಶದ ಬಿಸಿ ತಟ್ಟಿದ್ದು 2017ರ ಜುಲೈ 1ರಂದು. ಸರಕು ಮತ್ತು ಸೇವಾ ತೆರಿಗೆ ಆರಂಭವಾದ ದಿನವೂ ಅದೇ. ರಾಜ್ಯದ ಹೆದ್ದಾರಿ ಬದಿಯ ಬಾರುಗಳಿಗೆ ಅಂದು ಉಳಿದದ್ದು ಮೂರು ದಾರಿ: ಸ್ಥಳ ಬದಲಿಸುವುದು, ಮುಚ್ಚುವುದು, ಇಲ್ಲವೇ ಮದ್ಯ ಬಿಟ್ಟು ಊಟದ ಮೇಲೆ ನಡೆಯುವುದು. ಅಡುಗೆಮನೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದವರಿಗೆ ಮಾತ್ರ ಮೂರನೆಯದು ಸಾಧ್ಯವಿತ್ತು. 2017ರ ಜುಲೈ 11ರಂದು, ಚಂಡೀಗಢಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ನಗರ ಮತ್ತು ಪುರಸಭೆಗಳ ವ್ಯಾಪ್ತಿಯೊಳಗಿನ ಮಾರಾಟಕ್ಕೆ ನಿರ್ಬಂಧ ಅನ್ವಯಿಸಬೇಕಿಲ್ಲ ಎಂದು ನ್ಯಾಯಾಲಯ ತಿಳಿಸಿದ ಬಳಿಕ ಪಟ್ಟಣಗಳ ಬಾರುಗಳು ಮತ್ತೆ ತೆರೆಯುವ ದಾರಿ ಸುಗಮವಾಯಿತು. ಪಂಚಾಯಿತಿ ವ್ಯಾಪ್ತಿಯ ವಿಷಯದಲ್ಲಿ 2018ರ ಫೆಬ್ರುವರಿಯಲ್ಲಿ ರಾಜ್ಯಗಳಿಗೆ ವಿವೇಚನೆ ನೀಡಲಾಯಿತು.

ತಿನಿಸುಗಳು

ಬಾರ್ ಮತ್ತು ರೆಸ್ಟೋರೆಂಟಿನ ಊಟದ ಪಟ್ಟಿ ಮೂರು ಮೂಲಗಳಿಂದ ಕೂಡಿದ್ದು. ಮೊದಲನೆಯದು ಮಿಲಿಟರಿ ಹೋಟೆಲಿನಿಂದ ಬಂದ ಮುದ್ದೆ, ನಾಟಿ ಕೋಳಿ ಸಾರು, ಬೋಟಿ, ಲಿವರ್ ಫ್ರೈ, ಕಾಲು ಸೂಪು. ಎರಡನೆಯದು ಚೀನೀ ಶೈಲಿ ಎನ್ನಲಾಗುವ, ಚೀನಾದಲ್ಲಿ ಯಾರೂ ಗುರುತಿಸಲಾರದ ಗೋಬಿ ಮಂಚೂರಿ, ಚಿಲ್ಲಿ ಚಿಕನ್, ಫ್ರೈಡ್ ರೈಸ್. ಮೂರನೆಯದು ಹೆದ್ದಾರಿಯ ಡಾಬಾಗಳ ಮೂಲಕ ಬಂದ ತಂದೂರಿ ರೊಟ್ಟಿ, ಪನೀರಿನ ಖಾದ್ಯಗಳು. ಆಂಧ್ರದ ಹತ್ತಿರದ ಪ್ರಭಾವದಿಂದ ಖಾರ ಈ ಜಿಲ್ಲೆಯಲ್ಲಿ ಒಂದು ಕೈ ಮುಂದು. ಅವರೆಕಾಯಿಯ ಕಾಲದಲ್ಲಿ ಹಿದುಕಿದ ಅವರೆಬೇಳೆಯ ಸಾರೂ ಕಾಣಿಸಿಕೊಳ್ಳುವುದುಂಟು.

ಚಾಕಣ ಮತ್ತು ಊಟದ ನಡುವಣ ಗೆರೆ ಮಸುಕಾದದ್ದು ಈ ಪಟ್ಟಿಯ ವಿಶೇಷ. ಮೊದಲು ಲೋಟದ ಜೊತೆಗೆ ಚಿಕ್ಕ ತಟ್ಟೆಯಲ್ಲಿ ಬರುತ್ತಿದ್ದ ಬೋಟಿ ಗೊಜ್ಜು ಈಗ ಮುದ್ದೆಯ ಜೊತೆಗೆ ಬರುತ್ತದೆ. ಕುಡಿಯದವರೂ ಅದನ್ನು ತರಿಸಿಕೊಳ್ಳುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿಯು ಈ ಜಿಲ್ಲೆಯ ಪ್ರಮುಖ ಬೆಳೆಗಳಲ್ಲಿ ಒಂದಾಗಿದ್ದು, ಭೌಗೋಳಿಕ ಸೂಚಿಕೆಯನ್ನೂ ಪಡೆದಿದೆ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ಉತ್ತೇಜನಕ್ಕೆ ರಾಜ್ಯವು 2007ರಲ್ಲೇ ನೀತಿ ರೂಪಿಸಿದ್ದರೂ ದ್ರಾಕ್ಷಿ ಬೆಳೆಯುವ ಊರಿನ ಊಟದ ಮೇಜಿನ ಮೇಲೆ ವೈನ್ ಇನ್ನೂ ಅಪರೂಪ.

ಕೋವಿಡ್ ಅವಧಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆರಂಭವಾದಾಗ ಎಲ್ಲ ಮದ್ಯದಂಗಡಿಗಳೂ ಮುಚ್ಚಿದವು. ಮೇ 4ರಂದು ಮರಳಿ ತೆರೆಯಲು ಅನುಮತಿ ದೊರೆತದ್ದು ಬಾಟಲಿ ಮಾರುವ ಸಿಎಲ್-2 ಮತ್ತು ಎಂಎಸ್‌ಐಎಲ್ ಮಳಿಗೆಗಳಿಗೆ. ಬಾರುಗಳಿಗೆ ಮೇ 9ರಿಂದ 17ರವರೆಗೆ, ಉಳಿದ ದಾಸ್ತಾನನ್ನು ಚಿಲ್ಲರೆ ದರದಲ್ಲಿ ಕಟ್ಟಿಕೊಡಲು ತಾತ್ಕಾಲಿಕ ಅವಕಾಶ ನೀಡಲಾಯಿತು. ಕುಳಿತು ಕುಡಿಯಲು ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ರಂದು. ಇಡೀ ಬೇಸಿಗೆ ಮತ್ತು ಮಳೆಗಾಲದಲ್ಲಿ ಬಾಗಿಲು ತೆರೆದಿಡಲು ಸಾಧ್ಯವಾದದ್ದು ಊಟದ ಪಾರ್ಸೆಲ್ ಕೊಡಬಲ್ಲ ಅಡುಗೆಮನೆಗಳಿದ್ದವರಿಗೆ.

ಇತರೆಡೆಯ ಹೋಲಿಕೆ

ಇಂಗ್ಲೆಂಡಿನ ನೆರೆಹೊರೆಯ ಪಬ್ಬುಗಳು ಇದೇ ಬಗೆಯ ಹಾದಿ ತುಳಿದಿವೆ. 1991ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಪ್ರದೇಶದ 'ದಿ ಈಗಲ್' ಎಂಬ ಪಬ್ಬು ಊಟಕ್ಕೆ ಆದ್ಯತೆ ಕೊಟ್ಟು 'ಗ್ಯಾಸ್ಟ್ರೋಪಬ್' ಎಂಬ ಹೊಸ ಪದಕ್ಕೆ ಕಾರಣವಾಯಿತು. ಇಂಗ್ಲೆಂಡಿನಲ್ಲಿ ಪಬ್ಬುಗಳ ಒಳಗೆ ಧೂಮಪಾನ ನಿಷೇಧವಾದದ್ದು 2007ರ ಜುಲೈ 1ರಂದು, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದ ದಿನವೇ. ಎರಡೂ ಕಡೆ ಅಂದಿನಿಂದ ಊಟದ ಪಾತ್ರ ಹೆಚ್ಚಿತು. ವ್ಯತ್ಯಾಸವೂ ಇದೆ: ಇಂಗ್ಲೆಂಡಿನ ಪಬ್ಬಿಗೆ ಬರುವ ಮಂದಿಯೇ ಕಡಿಮೆಯಾಗಿದ್ದರು, ಕರ್ನಾಟಕದ ಬಾರಿಗೆ ಗಿರಾಕಿಗಳ ಕೊರತೆಯಿರಲಿಲ್ಲ, ಹೆಚ್ಚು ಖರ್ಚು ಮಾಡುವ ಗಿರಾಕಿಗಳ ಕೊರತೆಯಿತ್ತು.

ಕೇರಳದಲ್ಲಿ ಹೆಂಡ ಕಾನೂನುಬದ್ಧವಾಗಿ ಉಳಿದಿರುವುದರಿಂದ, ಕನ್ನಡಿಗರಿರುವ ಕಾಸರಗೋಡನ್ನೂ ಒಳಗೊಂಡ ಆ ರಾಜ್ಯದಲ್ಲಿ ಹೆಂಡದಂಗಡಿಗಳೇ ಮರಗೆಣಸು, ಮೀನು ಸಾರು, ಬಾತುಕೋಳಿ ಪದಾರ್ಥಗಳಿಗೆ ಹೆಸರಾಗಿ, ಕೆಲವು ಕುಟುಂಬದ ಊಟದ ಮನೆಗಳಾಗಿ ಬೆಳೆದವು. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಹೆಂಡದಂಗಡಿಗೆ ಗಡಂಗು ಎಂಬ ಹೆಸರಿದ್ದು, ಮೂರ್ತೆದಾರರ ಸಹಕಾರ ಸಂಘಗಳು ಹೆಂಡ ಮಾರಾಟವನ್ನು ನಡೆಸಿಕೊಂಡು ಬಂದಿವೆ. ಬಯಲುಸೀಮೆಯಲ್ಲಿ ಹೆಂಡದಂಗಡಿಗೆ ಹೀಗೆ ಬದಲಾಗುವ ಅವಕಾಶವೇ ದೊರೆಯಲಿಲ್ಲ. ಅದು ಮುಚ್ಚಿಹೋದ ಮೇಲೆ ಆ ಜಾಗಕ್ಕೆ ಬೇರೆಯವರು ಬಂದರು. ಬೆಂಗಳೂರಿನ ಕಥೆ ಮತ್ತೂ ಬೇರೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಆರಂಭವಾದ ಪಬ್ಬುಗಳು ಮತ್ತು 2010ರಿಂದ ಬಂದ ಕಿರು ಬಿಯರ್ ತಯಾರಿಕಾ ಘಟಕಗಳು ವಿದ್ಯಾವಂತ ಯುವಜನರನ್ನು ಮೊದಲಿನಿಂದಲೇ ಗುರಿಯಾಗಿಸಿಕೊಂಡಿದ್ದವು.

ಟೀಕೆ

ಪರಿವರ್ತನೆಯನ್ನು ಎಲ್ಲರೂ ಒಳ್ಳೆಯದೆಂದು ಒಪ್ಪುವುದಿಲ್ಲ. ಊಟದ ಹೆಸರಿನಲ್ಲಿ ಕುಡಿತಕ್ಕೆ ಮರ್ಯಾದೆ ಬರುತ್ತದೆ, ಮಕ್ಕಳು ಕುಡಿಯುವುದನ್ನು ನೋಡುತ್ತ ಬೆಳೆಯುತ್ತಾರೆ ಎಂಬುದು ಪಾನನಿರೋಧ ಬಯಸುವವರ ಆಕ್ಷೇಪ. 2019ರ ಜನವರಿಯಲ್ಲಿ ಸಂಪೂರ್ಣ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಕಾಲ್ನಡಿಗೆಯಲ್ಲಿ ಬಂದರು. ಅವರ ದೂರು ಮುಖ್ಯವಾಗಿ ಹಳ್ಳಿಗಳ ಅಕ್ರಮ ಮಾರಾಟ ಮತ್ತು ಅಗ್ಗದ ಮದ್ಯದ ವಿರುದ್ಧವಾಗಿತ್ತು. ಪಟ್ಟಣದ ಬಾರು ಸ್ವಚ್ಛವಾದದ್ದರಿಂದ ಅವರ ಮನೆಗಳ ಸ್ಥಿತಿ ಬದಲಾಗಿರಲಿಲ್ಲ.

ಇನ್ನೊಂದು ಟೀಕೆ ವರ್ಗಕ್ಕೆ ಸಂಬಂಧಿಸಿದ್ದು. ಊಟದ ಬೆಲೆ, ಮೇಜಿನ ಬಟ್ಟೆ, ಕಾವಲುಗಾರ ಇವೆಲ್ಲ ಬಂದ ಮೇಲೆ ಕೂಲಿಕಾರನು ಬಾರಿನ ಒಳಗೆ ಕೂರುವುದು ಕಡಿಮೆಯಾಯಿತು. ಅವನು ಚಿಲ್ಲರೆ ಅಂಗಡಿಯಲ್ಲಿ ಟೆಟ್ರಾ ಪ್ಯಾಕೆಟ್ ಕೊಂಡು ಅಂಗಡಿಯ ಪಕ್ಕದ ಗೋಡೆಯ ಬಳಿ, ಬಯಲಿನಲ್ಲಿ, ಕೆರೆಯ ಏರಿಯ ಮೇಲೆ ಕುಡಿಯುತ್ತಾನೆ. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಅಬಕಾರಿ ಕಾಯ್ದೆಯ ಕಲಂ 15(ಎ) ಪ್ರಕಾರ ಅಪರಾಧ. ಸನ್ನದಿಲ್ಲದ ಡಾಬಾ ಮತ್ತು ಅಂಗಡಿಗಳಲ್ಲಿ ಕುಡಿಯಲು ಜಾಗ ಕೊಟ್ಟವರ ಮೇಲೂ ಮೊಕದ್ದಮೆಗಳು ದಾಖಲಾಗುತ್ತವೆ. ಹಣವಿದ್ದವನ ಕುಡಿತ ಊಟವಾಯಿತು, ಇಲ್ಲದವನದು ಪ್ರಕರಣವಾಯಿತು ಎಂಬ ಆಕ್ಷೇಪಕ್ಕೆ ಅಬಕಾರಿ ನೀತಿಯಲ್ಲಿ ಉತ್ತರ ಸಿಕ್ಕಿಲ್ಲ. ಚಾಕಣ ಮಾರುತ್ತಿದ್ದ ಹೆಂಗಸರ ತಳ್ಳುಗಾಡಿಗಳು ಈಗ ಕಾಣಸಿಗುವುದು ಸಂಜೆಯ ಹೊತ್ತು ಸಿಎಲ್-2 ಅಂಗಡಿಗಳ ಎದುರಿನಲ್ಲೇ.